ಮಂಗಳೂರಿಗೆ ಹೋದಾಗ ನೋಡಿ ಬನ್ನಿ ರೊಸಾರಿಯೊ ಕ್ಯಾಥೆಡ್ರಲ್: ದಾರಿ, ಇತಿಹಾಸ, ಪಾಲಿಸಬೇಕಾದ ಕ್ರಮ

ಕುಮಟಾ: ಕುಮಟಾ, ಹೊನ್ನಾವರ, ಭಟ್ಕಳದ ಬಹಳಷ್ಟು ಜನ ಮಂಗಳೂರಿಗೆ ಹೋಗುವುದು ತಿರುಗಾಟಕ್ಕಲ್ಲ, ಆಸ್ಪತ್ರೆಗೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ವರ್ಷಗಳಿಂದ ಇದೆ. ರೋಗಿಯ ಜೊತೆ ಹೋದವರಿಗೆ ರಿಪೋರ್ಟ್ ಬರುವ ತನಕ, ವಾಪಸ್ ರೈಲಿನ ಹೊತ್ತಾಗುವ ತನಕ ಕೂತಲ್ಲೇ ಕೂತು ಸಾಕಾಗ್ತದೆ. ಅಂಥವರು ಪೇಟೆಯ ನಡುವೆಯೇ ಸ್ವಲ್ಪ ಹೊತ್ತು ಶಾಂತವಾಗಿ ಕೂರಬಹುದಾದ, ನೋಡಲೂ ಯೋಗ್ಯವಾದ ಜಾಗ ರೊಸಾರಿಯೊ ಕ್ಯಾಥೆಡ್ರಲ್. ಯಾವ ಧರ್ಮದವರೂ ಹೋಗಬಹುದು. ಟಿಕೆಟ್ ಇಲ್ಲ.

ಹೋಗುವುದು ಹೇಗೆ?

ಕುಮಟಾದಿಂದ ಮಂಗಳೂರು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 200 ಕಿ.ಮೀ. ರೈಲಿನಲ್ಲಿ ಹೋಗುವವರು ಒಂದು ವಿಷಯ ಗಮನಿಸಬೇಕು. ಕೊಂಕಣ ರೈಲ್ವೆಯ ಕೆಲವು ಗಾಡಿಗಳು ಮಂಗಳೂರು ಸೆಂಟ್ರಲ್‌ಗೆ ಹೋಗ್ತವೆ, ಕೇರಳಕ್ಕೆ ಹೋಗುವ ಹಲವು ಗಾಡಿಗಳು ಕಂಕನಾಡಿಯ ಜಂಕ್ಷನ್‌ನಲ್ಲಿ ಮಾತ್ರ ನಿಲ್ತವೆ. ಸೆಂಟ್ರಲ್‌ನಲ್ಲಿ ಇಳಿದರೆ ಚರ್ಚ್ ನಡೆದು ಹೋಗುವಷ್ಟು ಹತ್ತಿರ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ವೆನ್ಲಾಕ್ ಆಸ್ಪತ್ರೆ ಕಡೆಯಿಂದಲೂ ದೂರವಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಬಿಜೈಯಲ್ಲಿ ಇಳಿದವರು ಸಿಟಿ ಬಸ್ ಅಥವಾ ರಿಕ್ಷಾ ಹಿಡಿಯಬೇಕು. ದಾರಿ ಕೇಳುವಾಗ ‘ರೊಸಾರಿಯೊ, ಪಾಂಡೇಶ್ವರ ಹತ್ರ’ ಎಂದು ಸರಿಯಾಗಿ ಹೇಳಿ. ಬರೀ ‘ದೊಡ್ಡ ಇಗರ್ಜಿ’ ಎಂದರೆ ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚ್ ತೋರಿಸಿಯಾರು. ಅದು ಬೇರೆ, ಅದೂ 1680ರಷ್ಟು ಹಳೆಯದು.

ಕ್ಯಾಥೆಡ್ರಲ್ ಅಂದರೆ ಏನು?

ಎಲ್ಲ ದೊಡ್ಡ ಚರ್ಚುಗಳೂ ಕ್ಯಾಥೆಡ್ರಲ್ ಅಲ್ಲ. ಬಿಷಪರ ಪೀಠ ಇರುವ ಚರ್ಚಿಗೆ ಮಾತ್ರ ಆ ಹೆಸರು. ಒಂದು ಧರ್ಮಪ್ರಾಂತ್ಯಕ್ಕೆ ಅದೇ ಮುಖ್ಯ ಚರ್ಚ್. ರೊಸಾರಿಯೊ ಮಂಗಳೂರು ಧರ್ಮಪ್ರಾಂತ್ಯದ ಕ್ಯಾಥೆಡ್ರಲ್. ಜಪಮಾಲೆಯ ಮಾತೆಗೆ ಅರ್ಪಿತವಾದ್ದರಿಂದ ಈ ಹೆಸರು. ಜಪಮಾಲೆಗೆ ಪೋರ್ಚುಗೀಸ್ ಭಾಷೆಯಲ್ಲಿ ರೊಸಾರಿಯೊ ಎನ್ನುತ್ತಾರೆ. ನಾವು ದಿನಾ ಬಳಸುವ ಇಗರ್ಜಿ, ಪಾದ್ರಿ, ಚಾವಿ, ಜನೇಲು ಇವೂ ಅದೇ ಭಾಷೆಯಿಂದ ಬಂದವು.

ಹೊನ್ನಾವರದ ನಂಟು

1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದಾಗ ಈ ಚರ್ಚ್ ಶುರುವಾಯಿತು. ಮರುವರ್ಷ, 1569ರಲ್ಲಿ, ಗೇರುಸೊಪ್ಪೆ ರಾಣಿಯ ಆಡಳಿತದಲ್ಲಿದ್ದ ಹೊನ್ನಾವರವನ್ನೂ ಹಿಡಿದರು. ಕಾರಣ ಕಾಳುಮೆಣಸಿನ ವ್ಯಾಪಾರ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆ ಮಾರ್ಗವಾಗಿ ಇಕ್ಕೇರಿಗೆ ಹೋಗಿ, ಆಮೇಲೆ ಮಂಗಳೂರು ನೋಡಿದ. ಅಲ್ಲಿನ ಕೋಟೆಯೊಳಗೆ ರೊಸಾರಿಯೊ ಚರ್ಚ್ ಇದ್ದುದನ್ನು ಬರೆದಿಟ್ಟಿದ್ದಾನೆ.

ಕೆಡವಿದ್ದು, ಮತ್ತೆ ಎದ್ದದ್ದು

ಇಂದು ಕಾಣುವ ಕಟ್ಟಡ ಆ ಹಳೆಯದಲ್ಲ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರು ಬ್ರಿಟಿಷರಿಗೆ ನೆರವಾದರೆಂಬ ಶಂಕೆಯಿಂದ ಸಾವಿರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಕೆನರಾದ ಚರ್ಚುಗಳನ್ನು ಕೆಡವಲಾಯಿತು, ರೊಸಾರಿಯೊ ಕೂಡ ಉಳಿಯಲಿಲ್ಲ. ಮೂಡುಬಿದಿರೆಯ ಹೊಸಪೇಟೆ ಚರ್ಚ್ ಮಾತ್ರ ಅಲ್ಲಿನ ಜೈನ ಅರಸ ಚೌಟರ ಕೋರಿಕೆಯಿಂದ ಉಳಿಯಿತು ಎನ್ನುತ್ತಾರೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬದುಕಿ ಉಳಿದವರು ವಾಪಸ್ ಬಂದರು. 1813ರಲ್ಲಿ ರೊಸಾರಿಯೊ ಮತ್ತೆ ಎದ್ದಿತು. ಈಗಿನ ದೊಡ್ಡ ಕಟ್ಟಡ 20ನೇ ಶತಮಾನದ ಮೊದಲ ಭಾಗದ್ದು.

ಏನೇನು ನೋಡಬೇಕು?

ದೂರದಿಂದಲೇ ಕಾಣುವುದು ರೋಮನ್ ಶೈಲಿಯ ದುಂಡು ಗುಮ್ಮಟ. ಅದರ ಮೇಲಿನ ದೀಪದ ಶಿಲುಬೆ ರಾತ್ರಿ ಕಡಲಿನಲ್ಲಿದ್ದವರಿಗೆ ದಿಕ್ಕು ತೋರಿಸುತ್ತಿತ್ತಂತೆ. ಪೋರ್ಚುಗಲ್ ಅರಸನ ಲಾಂಛನ ಕೆತ್ತಿದ ಕಗ್ಗಲ್ಲನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಮೊದಲ ಚರ್ಚಿನ ಗುರುತಾಗಿ ಉಳಿದಿರುವುದು ಈ ಕಲ್ಲು. ಅಲ್ಲಿಯ ಮಾತೆಯ ಮೂರ್ತಿ ಕಡಲಲ್ಲಿ ಮೀನುಗಾರರಿಗೆ ಸಿಕ್ಕಿದ್ದು ಎಂಬ ನಂಬಿಕೆಯೂ ಇದೆ.

ಒಳಗೆ ಹೋದಾಗ

• ಪೂಜೆ ನಡೆಯುವಾಗ ಓಡಾಡಬೇಡಿ. ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು.
• ಪ್ರಸಾದ ಅಂತ ತಿಳಿದು ಸಾಲಿನಲ್ಲಿ ನಿಲ್ಲಬೇಡಿ. ಪರಮಪ್ರಸಾದ ಕ್ಯಾಥೊಲಿಕರಿಗೆ ಮಾತ್ರ.
• ಗಂಡಸರು ಟೋಪಿ ತೆಗೆಯುವುದು ರೂಢಿ. ಮೊಬೈಲ್ ಸೈಲೆಂಟ್ ಇರಲಿ.
• ಬಲಿಪೀಠದ ಮೆಟ್ಟಿಲು ಹತ್ತಬಾರದು. ಫೋಟೊ ತೆಗೆಯುವ ಮೊದಲು ಅಲ್ಲಿದ್ದವರನ್ನು ಕೇಳಿ.
• ಭಾನುವಾರ ಬೆಳಿಗ್ಗೆ ಜನ ಹೆಚ್ಚು. ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿರಲೂಬಹುದು, ಬೆಳಿಗ್ಗೆ ಅಥವಾ ಸಂಜೆ ಹೋದರೆ ಒಳ್ಳೆಯದು.
• ಅಕ್ಟೋಬರ್ ಜಪಮಾಲೆಯ ತಿಂಗಳು, 7ರಂದು ಜಪಮಾಲೆ ಮಾತೆಯ ಹಬ್ಬ.

ನಮ್ಮ ಜಿಲ್ಲೆಯ ಕ್ಯಾಥೆಡ್ರಲ್

ಕುಮಟಾದ ಕ್ಯಾಥೊಲಿಕರು ಮಂಗಳೂರು ಬಿಷಪರ ಕೆಳಗೆ ಬರುವುದಿಲ್ಲ. ಮೊದಲು ಗೋವಾ, 1953ರ ನಂತರ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡಕ್ಕೆ 1976ರ ಜನವರಿ 24ರಂದು ಕಾರವಾರ ಧರ್ಮಪ್ರಾಂತ್ಯ ಸಿಕ್ಕಿತು. ಅದರ ಕ್ಯಾಥೆಡ್ರಲ್ ಕಾರವಾರದಲ್ಲಿದೆ. ಕಚೇರಿ ಕೆಲಸಕ್ಕೆ ಕಾರವಾರಕ್ಕೆ ಹೋದವರು ಅದನ್ನೂ ನೋಡಬಹುದು. ಅಷ್ಟು ದೂರ ಆಗದವರಿಗೆ ಹತ್ತಿರದಲ್ಲೇ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಚರ್ಚ್ ಇದೆ. ಡಿಸೆಂಬರ್ 3ರ ಫೆಸ್ತ್‌ಗೆ ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಸುತ್ತಲಿನ ಊರಿನವರೆಲ್ಲ ಅಲ್ಲಿ ಸೇರುತ್ತಾರೆ.