ಅನಾಥಾಶ್ರಮದ ಮಕ್ಕಳೆಲ್ಲ ಅನಾಥರೇ? ಇತಿಹಾಸ ಹೇಳುವುದೇ ಬೇರೆ

"ಅಪ್ಪ-ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ. ಎರಡು ಪುಟ್ಟ ಮಕ್ಕಳಿವೆ. ಸಾಕುವವರು ಈ ನಂಬರಿಗೆ ಕರೆ ಮಾಡಿ, ಎಲ್ಲರಿಗೂ ಶೇರ್ ಮಾಡಿ." 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಇಂಥ ಸಂದೇಶಗಳು ದೇಶದ ತುಂಬ ಹರಿದಾಡಿದವು. ಇವುಗಳ ಹಿಂದೆ ಎರಡು ನಂಬಿಕೆಗಳಿವೆ. ಒಂದು, ಹೀಗೆ ಸಿಕ್ಕ ಮಗುವಿಗೆ ತನ್ನವರು ಯಾರೂ ಇಲ್ಲ. ಎರಡು, ಊಟ, ಬಟ್ಟೆ, ಸೂರು ಸಿಕ್ಕರೆ ಅದಕ್ಕೆ ಅಷ್ಟೇ ಸಾಕು. ಅನಾಥಾಶ್ರಮಗಳ ಇತಿಹಾಸ ನೋಡಿದರೆ ಎರಡೂ ತಪ್ಪು.

ಬಟ್ಟೆ ಚೂರಿನ ಗುರುತು

ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1445ರಲ್ಲೇ ತೊರೆದ ಶಿಶುಗಳಿಗಾಗಿ ದೊಡ್ಡ ಆಶ್ರಯಧಾಮ ತೆರೆದಿತ್ತು. ಲಂಡನ್ನಿನಲ್ಲಿ ಥಾಮಸ್ ಕೋರಮ್ ಎಂಬ ನಿವೃತ್ತ ನಾವಿಕ ಬೀದಿಬದಿ ಸಾಯುತ್ತಿದ್ದ ಕೂಸುಗಳನ್ನು ಕಂಡು, ವರ್ಷಗಟ್ಟಲೆ ಓಡಾಡಿ, 1739ರಲ್ಲಿ ರಾಜನ ಅನುಮತಿ ಪಡೆದು 'ಫೌಂಡ್ಲಿಂಗ್ ಹಾಸ್ಪಿಟಲ್' ಆರಂಭಿಸಿದ. 1741ರಲ್ಲಿ ಮೊದಲ ಮಕ್ಕಳು ಸೇರಿದರು.

ಆ ಮಕ್ಕಳಲ್ಲಿ ಬಹಳಷ್ಟು ಮಂದಿಯನ್ನು ತಂದು ಬಿಟ್ಟವರು ಸ್ವಂತ ತಾಯಂದಿರೇ. ಬಡತನ, ಮದುವೆಯಿಲ್ಲದೆ ಹೆತ್ತ ಅವಮಾನ ಅವರನ್ನು ಅಲ್ಲಿಗೆ ತಂದಿತ್ತು. ಮುಂದೊಂದು ದಿನ ಬಂದು ಮಗುವನ್ನು ಗುರುತಿಸಲು ಬಟ್ಟೆಯ ಚೂರನ್ನೋ ನಾಣ್ಯವನ್ನೋ ಬಿಟ್ಟು ಹೋಗುತ್ತಿದ್ದರು. 1760ರವರೆಗೆ ಸೇರಿದ 16,000ಕ್ಕೂ ಹೆಚ್ಚು ಶಿಶುಗಳಲ್ಲಿ ಮನೆಯವರ ಬಳಿಗೆ ಮರಳಿದ್ದು ಕೇವಲ 152. ಸುಮಾರು ಮೂರನೇ ಎರಡರಷ್ಟು ಮಕ್ಕಳು ಸತ್ತೇಹೋದರು.

ಈಗಿನ ಸ್ಥಿತಿಯೂ ಅಷ್ಟು ಭಿನ್ನವಲ್ಲ. ಜಗತ್ತಿನಲ್ಲಿ ಸಂಸ್ಥೆಗಳಲ್ಲಿ ಬೆಳೆಯುತ್ತಿರುವ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ತಂದೆ ಅಥವಾ ತಾಯಿ ಇದ್ದಾರೆ ಎಂದು 'ಸೇವ್ ದಿ ಚಿಲ್ಡ್ರನ್' 2009ರಲ್ಲಿ ವರದಿ ಮಾಡಿತು.

ಊಟ, ಸೂರು ಇದ್ದರೆ ಸಾಲದೇ?

ರೊಮೇನಿಯಾದ ಸರ್ವಾಧಿಕಾರಿ ಚೌಶೆಸ್ಕು ಜನಸಂಖ್ಯೆ ಹೆಚ್ಚಿಸಲು 1966ರಲ್ಲಿ ಗರ್ಭಪಾತ ನಿಷೇಧಿಸಿದ. ಸಾಕಲಾಗದ ಕುಟುಂಬಗಳು ಮಕ್ಕಳನ್ನು ಸರ್ಕಾರಿ ಆಶ್ರಮಗಳಿಗೆ ಬಿಟ್ಟವು. 1989ರಲ್ಲಿ ಅವನ ಆಡಳಿತ ಉರುಳಿದಾಗ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಒಬ್ಬ ಆಯಾ ಹತ್ತಾರು ಕೂಸುಗಳನ್ನು ನೋಡಿಕೊಳ್ಳಬೇಕಿತ್ತು. ಎತ್ತಿಕೊಳ್ಳುವವರಿಲ್ಲ, ಮಾತಾಡಿಸುವವರಿಲ್ಲ.

2000ದಲ್ಲಿ ಅಮೆರಿಕದ ಸಂಶೋಧಕರು ರಾಜಧಾನಿ ಬುಕಾರೆಸ್ಟ್‌ನ ಆಶ್ರಮಗಳ 136 ಪುಟ್ಟ ಮಕ್ಕಳ ಅಧ್ಯಯನ ಶುರುಮಾಡಿದರು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಆರಿಸಿ ಸಾಕು ಕುಟುಂಬಗಳಿಗೆ ಕಳಿಸಲಾಯಿತು. ಮನೆಗೆ ಹೋದ ಮಕ್ಕಳ ಬುದ್ಧಿಮತ್ತೆ ಆಶ್ರಮದಲ್ಲೇ ಉಳಿದವರಿಗಿಂತ ಚೆನ್ನಾಗಿ ಬೆಳೆಯಿತು. ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಹೆಚ್ಚು ಲಾಭವಾಯಿತು. ಮಗುವಿನ ಮಿದುಳು ಬೆಳೆಯಲು ಹಾಲು-ಅನ್ನದಷ್ಟೇ ತನ್ನದೇ ಆದ ಒಬ್ಬರ ಆರೈಕೆಯೂ ಬೇಕು.

ಹಾಗಾದರೆ ಫಾರ್ವರ್ಡ್ ಬಂದರೆ ಏನು ಮಾಡಬೇಕು?

ಮಗುವಿಗೆ ಕುಟುಂಬ ಬೇಕು ನಿಜ. ಆದರೆ ಸಿಕ್ಕವರ ಕೈಗೆ ಕೊಡುವುದು ಪರಿಹಾರವಲ್ಲ. ನಂಬರಿನ ಆ ತುದಿಯಲ್ಲಿ ಮಕ್ಕಳನ್ನು ಮಾರುವವರೂ ಇರಬಹುದು.

- 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಾರುವುದು, ಕೊಳ್ಳುವುದು ಅಪರಾಧ. 5 ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ.
- ಅನಾಥ ಮಕ್ಕಳ ದತ್ತು ಕೇಂದ್ರ ಸರ್ಕಾರದ 'ಕಾರಾ' ವ್ಯವಸ್ಥೆಯ ಮೂಲಕವೇ ಆಗಬೇಕು.
- ಮಗುವಿಗೆ ಅಜ್ಜಿ, ಚಿಕ್ಕಪ್ಪ, ಸೋದರಮಾವ ಯಾರಾದರೂ ಇದ್ದಾರೆಯೇ ಎಂದು ಮೊದಲು ಹುಡುಕಬೇಕು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ.
- ಯಾರೂ ಇಲ್ಲದ ಮಗು ಕಂಡರೆ 1098ಕ್ಕೆ ಕರೆ ಮಾಡಿ. ಇದು ಉಚಿತ, ದಿನದ 24 ಗಂಟೆಯೂ ಇರುತ್ತದೆ. ಅಲ್ಲಿಂದ ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಲುಪುತ್ತದೆ.

ಮಗುವಿನ ಫೋಟೊ, ಹೆಸರು ಇರುವ ಸಂದೇಶವನ್ನು ಮುಂದೆ ಕಳಿಸಬೇಡಿ. ಬದಲಿಗೆ 1098 ನಂಬರನ್ನು ಹಂಚಿ.