ನೀಲಗಿರಿ ತೋಪಿನ ನೀರಿನ ಲೆಕ್ಕ

ವೈಟ್‌ಫೀಲ್ಡ್ ದಾಟಿ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ಕಡೆ ಹೊರಟರೆ ಈಗ ಎದುರಾಗುವುದು ಬಡಾವಣೆಗಳು, ಸೈಟಿನ ಬೋರ್ಡುಗಳು. ನಲವತ್ತು ವರ್ಷದ ಹಿಂದೆ ಈ ತಾಲ್ಲೂಕಿನ ಗುರುತೇ ಬೇರೆ ಇತ್ತು: ರಾಗಿ ಹೊಲ, ಕೆರೆ, ಇವೆರಡರ ನಡುವೆ ಹಬ್ಬುತ್ತಿದ್ದ ನೀಲಗಿರಿ ತೋಪು. ಆ ತೋಪಿಗೂ ಇಂದಿನ ವಿಶ್ವವಿದ್ಯಾಲಯಗಳ ಒಂದು ತಲೆನೋವಿಗೂ ಸಂಬಂಧವಿದೆ. ಸುಸ್ಥಿರತೆಯನ್ನು ಕಲಿಸುವ ಕೋರ್ಸುಗಳು ನಿಮ್ಮಲ್ಲಿ ಎಷ್ಟಿವೆ ಎಂದು ಕೇಳುವ ಶ್ರೇಯಾಂಕ ಪದ್ಧತಿಗಳು ಈಗ ಜಗತ್ತಿನಾದ್ಯಂತ ಇವೆ. ಕೇಳಿದವರಿಗೆ ಉತ್ತರ ಕೊಡಬೇಕಾದ ಕಚೇರಿ ಪಠ್ಯಕ್ರಮದ ಪಟ್ಟಿ ತೆರೆದು ‘ಪರಿಸರ’, ‘ಹಸಿರು’, ‘ಅರಣ್ಯ’, ‘ಸುಸ್ಥಿರ’ ಎಂಬ ಮಾತು ಎಲ್ಲೆಲ್ಲಿದೆ ಎಂದು ಗೆರೆ ಎಳೆಯುತ್ತದೆ. ಹೆಸರು ನೋಡಿ ಗುರುತು ಹಚ್ಚುವ ಈ ದಾರಿಯನ್ನು ನಂಬುವಂತಿಲ್ಲ ಎನ್ನುವುದಕ್ಕೆ ಹೊಸಕೋಟೆಯ ಮಣ್ಣೇ ಸಾಕ್ಷಿ.

1983ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ನಡೆದ ಯೋಜನೆಯ ಹೆಸರು ‘ಸಾಮಾಜಿಕ ಅರಣ್ಯ’. ಹಳ್ಳಿಗರಿಗೆ ಸೌದೆ, ದನಕ್ಕೆ ಮೇವು ಎಂಬ ಮಾತಿನಲ್ಲಿ ಶುರುವಾದದ್ದು ಕೋಲಾರ, ಹೊಸಕೋಟೆಗಳಲ್ಲಿ ಬಹುಪಾಲು ನೀಲಗಿರಿಯಲ್ಲಿ ಬಂದು ನಿಂತಿತು. ರೈತರನ್ನು ದೂರುವಂತಿಲ್ಲ. ಕಳೆ ಕೀಳುವ ಆಳು ಬೇಡ, ದನ ಬಾಯಿ ಹಾಕುವುದಿಲ್ಲ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಕೊಳ್ಳುವವರಿದ್ದಾರೆ. ಆದರೆ ಬಾವಿ ಬತ್ತುತ್ತಿದೆ ಎಂಬ ದೂರು ಎದ್ದಾಗ ಪರ ವಿರೋಧ ಎರಡೂ ಕಡೆ ಘೋಷಣೆಗಳೇ ಹೆಚ್ಚು, ಅಳತೆ ಕಡಿಮೆ. ಅಳೆದವರು ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಅವರ ಜೊತೆ ದುಡಿದ ಕರ್ನಾಟಕದ ಅರಣ್ಯ ವಿಜ್ಞಾನಿಗಳು. ನೆಲಕ್ಕೆ ಕೊಳವೆ ಇಳಿಸಿ, ಅದರೊಳಗೆ ನ್ಯೂಟ್ರಾನ್ ಶೋಧಕ ಬಿಟ್ಟು, ಯಾವ ಆಳದಲ್ಲಿ ಎಷ್ಟು ತೇವವಿದೆ ಎಂದು ಗುರುತು ಹಾಕಿಕೊಳ್ಳುವ ಕೆಲಸ ಅದು. ಹೊಸಕೋಟೆಯ ಎಳೆಯ ತೋಪಿನಲ್ಲಿ ಮೂರು ಬರಗಾಲದ ವರ್ಷಗಳ ಮಳೆ ಒಟ್ಟು 2100 ಮಿಲಿಮೀಟರ್. ಮರಗಳು ಬಳಸಿದ ನೀರು 3400 ಮಿಲಿಮೀಟರ್. ಬಿದ್ದ ಮಳೆಗಿಂತ ಹೆಚ್ಚು ಕುಡಿದದ್ದು ಹೇಗೆ ಎಂಬ ಪ್ರಶ್ನೆ ಎದ್ದಿತು. ಕೊನೆಗೆ, 1997ರಲ್ಲಿ ಅಚ್ಚಾದ ಪ್ರಬಂಧದಲ್ಲಿ ನಿಂತ ವಿವರಣೆ ಇದು: ಬೇರು ವರ್ಷವರ್ಷಕ್ಕೂ ಇನ್ನಷ್ಟು ಕೆಳಗಿಳಿದು, ಹಿಂದಿನ ಮಳೆಗಳು ಮಣ್ಣಿನಾಳದಲ್ಲಿ ಬಿಟ್ಟುಹೋದ ತೇವವನ್ನು ಎಳೆಯುತ್ತಿತ್ತು. ಅಸಲು ಕರಗಿಸಿ ತಿನ್ನುವುದು ಅಂದರೆ ಇದೇ. ನೀಲಗಿರಿ ಎಲ್ಲೆಡೆಯೂ ಹೀಗೆಯೇ ಎಂದು ಅವರು ಹೇಳಲಿಲ್ಲ. ಶಿವಮೊಗ್ಗದ ಕಡೆಯ ತಾಣಗಳಲ್ಲಿ ಅದು ಅಲ್ಲಿನ ಕಾಡುಮರಗಳಿಗಿಂತ ಹೆಚ್ಚು ನೀರು ಬಳಸಲಿಲ್ಲ. ಆದರೆ ರಾಗಿಗೆ ಹೋಲಿಸಿದರೆ ಸುಮಾರು ಎರಡರಷ್ಟು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ, ಪ್ರಬಂಧ ಬಂದು ಇಪ್ಪತ್ತು ವರ್ಷವಾದ ಮೇಲೆ.

ಈಗ ಹೆಸರಿನ ಜರಡಿ ಹಿಡಿದು ನೋಡಿ. ‘ಸಾಮಾಜಿಕ ಅರಣ್ಯ’ ಎಂಬ ಪಾಠ ಅದರಲ್ಲಿ ಥಟ್ಟನೆ ಸಿಗುತ್ತದೆ. ಮಣ್ಣಿನ ತೇವಾಂಶ ಅಳೆಯುವ ಪಾಠ ಸೋರಿಹೋಗುತ್ತದೆ. ಇದೊಂದೇ ಪ್ರಸಂಗವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಒಂದೇ ಕೆಂಪು ಮಣ್ಣಿನ ಹೊಲಕ್ಕೆ ವರ್ಷವೂ ರಾಗಿ ಬಿತ್ತಿ, ಕೆಲವು ತಾಕಿಗೆ ಬರೀ ರಾಸಾಯನಿಕ ಗೊಬ್ಬರ, ಕೆಲವಕ್ಕೆ ಅದರ ಜೊತೆ ಕೊಟ್ಟಿಗೆ ಗೊಬ್ಬರ ಹಾಕಿ ಇಳುವರಿ ನೋಡುವ ಪ್ರಯೋಗ 1978ರಲ್ಲಿ ಶುರುವಾಯಿತು. ದಶಕಗಳು ಕಳೆದಂತೆ ಇಳುವರಿಯನ್ನು ಹಿಡಿದು ನಿಲ್ಲಿಸಿದ್ದು ಕೊಟ್ಟಿಗೆ ಗೊಬ್ಬರ ಬೆರೆಸಿದ ತಾಕು. ‘ಸುಸ್ಥಿರ ಅಭಿವೃದ್ಧಿ’ಯನ್ನು ಜನಪ್ರಿಯಗೊಳಿಸಿದ ಬ್ರುಂಟ್‌ಲ್ಯಾಂಡ್ ವರದಿ ಬಂದದ್ದು 1987ರಲ್ಲಿ. ಅಂದರೆ ಪಾಠಕ್ಕೆ ಹೆಸರಿಡುವ ಮುಂಚೆಯೇ ಪಾಠ ನಡೆಯುತ್ತಿತ್ತು, ಒಣಬೇಸಾಯ ಎಂಬ ಸಾದಾ ಹೆಸರಿನಲ್ಲಿ. ಅಷ್ಟೇಕೆ, ಈ ಕಲ್ಪನೆಯನ್ನು 1713ರಷ್ಟು ಹಿಂದೆಯೇ ಬರೆದಿಟ್ಟ ಜರ್ಮನಿಯ ಕಾರ್ಲೋವಿಟ್ಸ್ ಗಣಿ ಆಡಳಿತದ ಅಧಿಕಾರಿ; ಅವನ ಚಿಂತೆ ಗಣಿಗೆ ಬೇಕಾದ ಮರಮುಟ್ಟು ಮುಗಿದುಹೋಗುತ್ತದೆ ಎಂಬುದಾಗಿತ್ತು.

ಹೆಸರು ಬಿಟ್ಟರೆ ಎಲ್ಲ ಕೋರ್ಸೂ ಸುಸ್ಥಿರತೆಯದೇ ಆಗಿಬಿಡುವುದಿಲ್ಲವೇ, ಲೆಕ್ಕಪರಿಶೋಧನೆ ಕಲಿಸುವವರೂ ತಮ್ಮದನ್ನು ಪಟ್ಟಿಗೆ ತುರುಕುವುದಿಲ್ಲವೇ ಎಂದು ಕೇಳಬಹುದು. ತುರುಕಲಿ, ತಪ್ಪೇನು? ಕೆರೆಯೊಂದಕ್ಕೆ ಬಂದ ನೀರೆಷ್ಟು, ತೆಗೆದದ್ದೆಷ್ಟು ಎಂಬ ಲೆಕ್ಕವನ್ನು ವಿದ್ಯಾರ್ಥಿಯಿಂದ ಮಾಡಿಸುವ ಲೆಕ್ಕಪರಿಶೋಧನೆಗೆ, ಪರಿಸರ ದಿನದ ಭಾಷಣಕ್ಕಿಂತ ಹೆಚ್ಚಿನ ಹಕ್ಕಿದೆ. ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲೇ ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಲು ಹೇಳಿತು, ಯುಜಿಸಿ ಪದವಿಗೆಲ್ಲ ಒಂದು ಪತ್ರಿಕೆಯನ್ನೇ ರೂಪಿಸಿತು. ಎಲ್ಲರೂ ಓದುವಾಗ ಹುಡುಕುವುದೇನಿದೆ? ಬಿ.ಕಾಂ. ಹುಡುಗನಿಗೂ ಒಮ್ಮೆಯಾದರೂ ಅಂತರ್ಜಲದ ಮಾತು ಕೇಳಿಸಿದ್ದು ಆ ಆದೇಶದಿಂದಲೇ, ಅದನ್ನು ಕಡೆಗಣಿಸಲಾಗದು. ಆದರೆ ಎಲ್ಲರಿಗೂ ಹಂಚಬೇಕೆಂದು ನೀರು ಬೆರೆಸಿದ ಮಜ್ಜಿಗೆ ಅದು. ಕಾಡು, ನೀರು, ಮಾಲಿನ್ಯ, ಜನಸಂಖ್ಯೆ, ಕಾನೂನು ಎಲ್ಲವನ್ನೂ ಒಂದೇ ಪತ್ರಿಕೆಯಲ್ಲಿ ಮುಗಿಸುವಾಗ ವಿದ್ಯಾರ್ಥಿ ವ್ಯಾಖ್ಯೆ ಉರು ಹೊಡೆಯುತ್ತಾನೆ, ಅಳೆಯಲು ಕಲಿಯುವುದಿಲ್ಲ.

ಹೊಸಕೋಟೆಯ ಪದವಿ ಕಾಲೇಜುಗಳು ಈಗ ಕೋಲಾರದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ. ನಾಳೆ ಅಲ್ಲಿ ಯಾರಾದರೂ ಇಂಥ ಪಟ್ಟಿ ಮಾಡಲು ಕೂತರೆ, ಕೋರ್ಸಿನ ಶೀರ್ಷಿಕೆ ಮುಚ್ಚಿ ಪ್ರಶ್ನೆಪತ್ರಿಕೆ ತೆರೆಯಲಿ. ಮಳೆ ಕೊಡದ ಆ 1300 ಮಿಲಿಮೀಟರ್ ನೀರು ಎಲ್ಲಿಂದ ಬಂತು ಎಂಬಂಥ ಒಂದು ಪ್ರಶ್ನೆ ಅದರಲ್ಲಿದ್ದರೆ, ಆ ಕೋರ್ಸನ್ನು ಬರೆದುಕೊಳ್ಳಲಿ.