ಕಾರ್ಯನಿರ್ವಾಹಕ ವೇತನ ಮತ್ತು ಕಂಪನಿಯ ಸಾಧನೆ: ನೈರೋಬಿ

ಕಂಪನಿಯ ಮುಖ್ಯಸ್ಥರಿಗೆ ಕೊಡುವ ಸಂಬಳ, ಬೋನಸ್ ಮತ್ತು ಷೇರುಗಳನ್ನು ಕಂಪನಿಯ ಗಳಿಕೆಗೆ ತಳುಕು ಹಾಕುವ ಪದ್ಧತಿ. ಹಣ ಹಾಕಿದವರು ಬೇರೆ, ವ್ಯವಹಾರ ನಡೆಸುವವರು ಬೇರೆ ಆದಾಗ ಇಬ್ಬರ ಹಿತವನ್ನೂ ಒಂದೇ ದಾರಿಗೆ ತರುವುದು ಇದರ ಉದ್ದೇಶ. ಅಮೆರಿಕದಲ್ಲಿ ಷೇರುದಾರರ ಸಂಪತ್ತು 1,000 ಡಾಲರ್ ಹೆಚ್ಚಿದರೆ ಸಿಇಒ ಸಂಪತ್ತು ಹೆಚ್ಚುವುದು ಸುಮಾರು 3.25 ಡಾಲರ್ ಮಾತ್ರ ಎಂದು 1990ರಲ್ಲಿ ಅರ್ಥಶಾಸ್ತ್ರಜ್ಞರಾದ ಮೈಕೆಲ್ ಜೆನ್ಸನ್ ಮತ್ತು ಕೆವಿನ್ ಮರ್ಫಿ ಲೆಕ್ಕ ಹಾಕಿದ್ದರು.

1954ರಲ್ಲಿ ಆರಂಭವಾದ ಕೆನ್ಯಾದ ನೈರೋಬಿ ಷೇರುಪೇಟೆಯಲ್ಲಿ ಈ ತಳುಕು ಇನ್ನೂ ಜಟಿಲ. ಪೇಟೆ ಚಿಕ್ಕದು, ಅದರಲ್ಲಿ ದೂರಸಂಪರ್ಕ ಕಂಪನಿ ಸಫಾರಿಕಾಮ್ ಒಂದರದೇ ದೊಡ್ಡ ತೂಕ. ಷೇರು ಬೆಲೆಯನ್ನು ಮುಖ್ಯಸ್ಥರ ದುಡಿಮೆಗಿಂತ ಹೊರಗಿನ ಸಂಗತಿಗಳೇ ಕುಣಿಸುವುದುಂಟು. 2016ರ ಆಗಸ್ಟ್‌ನಲ್ಲಿ ಆಗಿನ ಅಧ್ಯಕ್ಷ ಉಹುರು ಕೆನ್ಯಾಟಾ ಸಾಲದ ಬಡ್ಡಿಗೆ ಮಿತಿ ಹೇರುವ ಕಾನೂನಿಗೆ ಸಹಿ ಹಾಕಿದ್ದೇ ತಡ, ಬ್ಯಾಂಕ್ ಷೇರುಗಳು ಕುಸಿದವು. 2019ರ ನವೆಂಬರ್‌ನಲ್ಲಿ ಮಿತಿ ರದ್ದಾಯಿತು. ಷೇರು ಬೆಲೆಯನ್ನೇ ಅಳತೆಗೋಲು ಮಾಡಿಕೊಂಡರೆ ಸಂಸತ್ತಿನ ನಿರ್ಧಾರಕ್ಕೆ ಬ್ಯಾಂಕ್ ಮುಖ್ಯಸ್ಥರು ದಂಡ ತೆರಬೇಕಾಗುತ್ತದೆ.

2008ರಲ್ಲಿ ತಲಾ 5 ಶಿಲಿಂಗ್‌ಗೆ ಷೇರು ಮಾರಿ ಪೇಟೆಗೆ ಬಂದ ಸಫಾರಿಕಾಮ್, ಸಿಬ್ಬಂದಿಗೆ ಷೇರು ಕೊಡುವ ಯೋಜನೆ ನಡೆಸುತ್ತದೆ. ಯೋಜನೆಯ ಟ್ರಸ್ಟ್ ಪೇಟೆಯಿಂದ ಕೊಂಡಿಡುವ ಈ ಷೇರುಗಳು ಮೂರು ವರ್ಷದ ಬಳಿಕ ಕೈಸೇರುತ್ತವೆ. ಅಲ್ಲಿಯವರೆಗೆ ಕಾಯಬೇಕಾದ್ದರಿಂದ ಒಂದು ತ್ರೈಮಾಸಿಕದ ಲಾಭ ಉಬ್ಬಿಸಿ ತೋರಿಸುವ ಆಸೆ ಕಡಿಮೆಯಾಗುತ್ತದೆ ಎಂಬುದು ಇಂಥ ಯೋಜನೆಗಳ ಹಿಂದಿನ ತರ್ಕ.

ಕೆನ್ಯಾ ಏರ್‌ವೇಸ್‌ನ ಕಥೆಯೇ ಬೇರೆ. 2015ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 25.7 ಶತಕೋಟಿ, ಮರುವರ್ಷ 26.2 ಶತಕೋಟಿ ಶಿಲಿಂಗ್ ನಷ್ಟ. ವಿಮಾನ ಖರೀದಿಯ ಸಾಲ, ಇಂಧನ ಬೆಲೆಯ ಮುಂಗಡ ಒಪ್ಪಂದ, ಕುಸಿದ ಪ್ರವಾಸೋದ್ಯಮ ಎಲ್ಲವೂ ಕೂಡಿಬಂದಿದ್ದವು. ಇದರಲ್ಲಿ ಆಡಳಿತದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಹಾಗೆಯೇ 2024ರ 5.4 ಶತಕೋಟಿ ಲಾಭದ ಹಿಂದೆ ಶಿಲಿಂಗ್ ಬಲಗೊಂಡದ್ದರ ಕೈವಾಡವೂ ಇತ್ತು. ನಷ್ಟಕ್ಕೆ ಕಾಲವನ್ನು ದೂರುವವರು ಲಾಭ ಬಂದಾಗ ಕಾಲವನ್ನು ನೆನೆಯುವುದು ಅಪರೂಪ.

ಕೆನ್ಯಾದ 2015ರ ಕಂಪನಿ ಕಾಯ್ದೆಯ ಪ್ರಕಾರ ಪೇಟೆಯಲ್ಲಿ ನೋಂದಾಯಿತ ಕಂಪನಿಗಳು ನಿರ್ದೇಶಕರ ವೇತನ ವರದಿಯನ್ನು ವಾರ್ಷಿಕ ಸಭೆಯಲ್ಲಿ ಷೇರುದಾರರ ಮತಕ್ಕೆ ಇಡಬೇಕು. ಭಾರತದ 2013ರ ಕಾಯ್ದೆ ಸಾರ್ವಜನಿಕ ಕಂಪನಿಯ ನಿರ್ದೇಶಕರ ಒಟ್ಟು ಸಂಭಾವನೆಗೆ ನಿವ್ವಳ ಲಾಭದ ಶೇ 11ರ ಸಾಮಾನ್ಯ ಮಿತಿ ಹಾಕಿದೆ. ಕೆನ್ಯಾದ ಕಾಯ್ದೆ ಲಾಭದ ಪ್ರಮಾಣಕ್ಕೆ ಕೈ ಹಾಕದೆ ಬಹಿರಂಗಪಡಿಸುವುದಕ್ಕೇ ಒತ್ತು ಕೊಟ್ಟಿದೆ.

ಕೆನ್ಯಾದ ಸರ್ಕಾರಿ ಉದ್ಯಮಗಳಲ್ಲಿ 2004ರಿಂದ ಸಾಧನಾ ಒಪ್ಪಂದಗಳಿವೆ. ವರ್ಷದ ಗುರಿ ಒಪ್ಪಿ ಸಹಿ ಹಾಕುವ ಈ ಪದ್ಧತಿಗೆ 2007ರಲ್ಲಿ ವಿಶ್ವಸಂಸ್ಥೆಯ ಸಾರ್ವಜನಿಕ ಸೇವಾ ಪ್ರಶಸ್ತಿ ಸಿಕ್ಕಿತು. ಆದರೆ ವೇತನದ ವಿಷಯದಲ್ಲಿ ಸಲಹೆ ನೀಡುವುದು 2010ರ ಸಂವಿಧಾನ ರೂಪಿಸಿದ ವೇತನ ಮತ್ತು ಸಂಭಾವನಾ ಆಯೋಗ. ಹೀಗಾಗಿ ಅಂಕ ಕೊಡುವ ಮೇಜು, ಸಂಬಳದ ಮೇಜು ಎರಡೂ ಬೇರೆ ಬೇರೆ.